ಇಪ್ಪತ್ತು ಮೀಟರಿನ ಅಳತೆ

ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಎಲ್ಲಕ್ಕಿಂತ ಮೊದಲು ನಿಲ್ಲುವುದು ಆಟದ ಪಿರಿಯಡ್. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಈ ನಾಡಿನಲ್ಲಿ ಅದರ ಬಹುಪಾಲು ಸುರಿಯುವುದು ಶಾಲಾ ವರ್ಷದ ಮೊದಲ ನಾಲ್ಕು ತಿಂಗಳುಗಳಲ್ಲಿ. ಅಂಗಳ ಕೆಸರಾಯಿತೆಂದು ಮಕ್ಕಳನ್ನು ಒಳಗೆ ಕೂರಿಸಿ ಗಣಿತವನ್ನೋ ಇಂಗ್ಲಿಷನ್ನೋ ಮುಂದುವರಿಸಿದರೆ ಹೆತ್ತವರಿಗೂ ಆಕ್ಷೇಪವಿಲ್ಲ, ಕೆಲವರಿಗೆ ಸಂತೋಷವೇ. ಹೀಗೆ ನಾಲ್ಕು ತಿಂಗಳು ಓಡದ ಮಗು ಕ್ರೀಡಾಕೂಟದ ದಿನ ಅರ್ಧ ಸುತ್ತಿಗೇ ಏದುಸಿರು ಬಿಟ್ಟು ಕುಳಿತರೆ, ಓಟ ಅದಕ್ಕೆ ಹೇಳಿದ್ದಲ್ಲವೆಂದು ನಾವೇ ತೀರ್ಪು ಕೊಟ್ಟುಬಿಡುತ್ತೇವೆ.

ತೀರ್ಪಿಗೆ ಮೊದಲು ಅಳತೆ ಬೇಕಲ್ಲವೆ? ಮಗುವಿನ ಎತ್ತರ, ತೂಕ ನೋಡುತ್ತೇವೆ, ಕಣ್ಣು ಪರೀಕ್ಷಿಸುತ್ತೇವೆ. ಆದರೆ ನಾವು ದಮ್ಮು ಎನ್ನುವ, ಹೃದಯ ಮತ್ತು ಶ್ವಾಸಕೋಶಗಳು ಒಂದಾಗಿ ಮಾಂಸಖಂಡಗಳಿಗೆ ಆಮ್ಲಜನಕ ಒದಗಿಸುವ ಶಕ್ತಿಯನ್ನು ಅಳೆಯುವ ಯೋಚನೆ ನಮಗೆ ಬರುವುದಿಲ್ಲ. ಅಳೆಯಲು ದೊಡ್ಡ ಯಂತ್ರ ಬೇಕೆಂಬ ಕಲ್ಪನೆಯೇ ಇದಕ್ಕೆ ಒಂದು ಕಾರಣವಿರಬಹುದು. ಅಮೇರಿಕದ ಡಾ. ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ ಹನ್ನೆರಡು ನಿಮಿಷಗಳ ಓಟಕ್ಕೆ ಯಂತ್ರ ಬೇಡ, ಆದರೆ ವಿಶಾಲವಾದ ಮೈದಾನ ಬೇಕು. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಲ್ಯೂಕ್ ಲೇಜೆ ಮತ್ತು ಸಂಗಡಿಗರು 1982ರಲ್ಲಿ ಮುಂದಿಟ್ಟ ಶಟಲ್ ಓಟಕ್ಕೆ ಅದೂ ಬೇಡ. ಇಪ್ಪತ್ತು ಮೀಟರ್ ಅಂತರದಲ್ಲಿ ಎರಡು ಗೆರೆ, ತಿರುಗಲು ಆಚೀಚೆ ಒಂದಿಷ್ಟು ಜಾಗ, ಕ್ಲಪ್ತ ಕಾಲಕ್ಕೆ ಬೀಪ್ ಎನ್ನುವ ಒಂದು ಧ್ವನಿಮುದ್ರಣ ಇದ್ದರೆ ಸಾಕು.

ಕ್ರಮವೂ ಸರಳ. ಬೀಪ್ ಶಬ್ದ ಕೇಳುವಷ್ಟರಲ್ಲಿ ಎದುರಿನ ಗೆರೆ ಮುಟ್ಟಬೇಕು, ಮತ್ತೆ ಮರಳಬೇಕು. ಆರಂಭದ ವೇಗ ಗಂಟೆಗೆ 8.5 ಕಿಲೋಮೀಟರ್, ಇಪ್ಪತ್ತು ಮೀಟರಿಗೆ ಸುಮಾರು ಎಂಟೂವರೆ ಸೆಕೆಂಡು. ಆರೋಗ್ಯವಂತ ಮಗುವಿಗೆ ಇದು ಮೆಲ್ಲನೆಯ ಓಟ. ಪ್ರತಿ ನಿಮಿಷಕ್ಕೆ ವೇಗ ಅರ್ಧ ಕಿಲೋಮೀಟರ್ ಹೆಚ್ಚುತ್ತದೆ. ಸತತ ಎರಡು ಬಾರಿ ಬೀಪಿಗೆ ಮೊದಲು ಗೆರೆ ತಲುಪದಿದ್ದರೆ ಓಟ ಮುಗಿಯಿತು. ಐದು ನಿಮಿಷ ಪೂರೈಸಿದ ಹನ್ನೆರಡರ ಮಗುವಿನ ಕೊನೆಯ ವೇಗ ಗಂಟೆಗೆ 10.5 ಕಿಲೋಮೀಟರ್. ಲೇಜೆಯವರ ಸೂತ್ರದಂತೆ ಅದರ ದೇಹ ಪ್ರತಿ ಕಿಲೋಗ್ರಾಂ ತೂಕಕ್ಕೆ ನಿಮಿಷಕ್ಕೆ ಸುಮಾರು 45 ಮಿಲಿಲೀಟರ್ ಆಮ್ಲಜನಕ ಬಳಸಬಲ್ಲದು. ಈ ಸಂಖ್ಯೆ ಹುಡುಗರಲ್ಲಿ 42ಕ್ಕಿಂತ, ಹುಡುಗಿಯರಲ್ಲಿ 35ಕ್ಕಿಂತ ಕೆಳಗಿದ್ದರೆ ಹೃದ್ರೋಗದ ಅಪಾಯ ಹೆಚ್ಚೆಂದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎಚ್ಚರಿಸಿದೆ. ಇದೆಲ್ಲ ಅಂದಾಜು, ಪ್ರಯೋಗಾಲಯದ ನಿಖರತೆ ಇದಕ್ಕಿಲ್ಲ ಎಂಬುದೂ ನಿಜವೇ. ಆದರೆ ಜೂನ್ ತಿಂಗಳ ಅಂದಾಜನ್ನು ಜನವರಿಯ ಅಂದಾಜಿನೊಡನೆ ಹೋಲಿಸಿದರೆ ಮಗು ಮುಂದೆ ಬಂದಿದೆಯೆ, ಹಿಂದೆ ಬಿದ್ದಿದೆಯೆ ಎಂಬುದು ತಿಳಿಯುತ್ತದೆ. ಶಾಲೆಗೆ ಬೇಕಾದುದು ಅಷ್ಟೆ.

ಕೇಂದ್ರ ಸರಕಾರದ ಖೇಲೋ ಇಂಡಿಯಾ ಪರೀಕ್ಷೆಗಳಲ್ಲಿ ಒಂಬತ್ತು ವರ್ಷ ದಾಟಿದ ಮಕ್ಕಳಿಗೆ 600 ಮೀಟರ್ ಓಟವಿದೆ. ಒಳ್ಳೆಯದೇ, ಆದರೆ ಗುಡ್ಡದ ಬದಿಯ ನಮ್ಮ ಎಷ್ಟೋ ಶಾಲೆಗಳಲ್ಲಿ ಅದಕ್ಕೆ ಜಾಗವೆಲ್ಲಿ? ಮೈದಾನವಿಲ್ಲದ ಶಾಲೆಗಳನ್ನು ಮುಚ್ಚಬೇಕಾದೀತೆಂದು ಕೇರಳ ಹೈಕೋರ್ಟು 2024ರಲ್ಲಿ ಎಚ್ಚರಿಸಬೇಕಾಯಿತೆಂದರೆ ಪರಿಸ್ಥಿತಿ ಊಹಿಸಬಹುದು. ಹಳೆಯ ಕಟ್ಟಡದ ಉದ್ದನೆಯ ಹಾಲಿನ ತಟ್ಟಿಗಳನ್ನು ಸರಿಸಿದರೆ ಇಪ್ಪತ್ತು ಮೀಟರ್ ಸಿಕ್ಕೀತು. ನೆಲ ಒದ್ದೆಯಿಲ್ಲದಿದ್ದರೆ ಹೊರಗೆ ಮಳೆ ಹೊಡೆಯುತ್ತಿರುವಾಗಲೂ ಮಕ್ಕಳು ಓಡಬಹುದು.

ಇಲ್ಲಿ ನಮ್ಮ ಭಾಷೆಯ ಪ್ರಶ್ನೆಯೂ ಇದೆ. ಬೀಪ್ ಶಬ್ದಕ್ಕೆ ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ಆದರೆ ಅದಕ್ಕೆ ಮೊದಲು ಹೇಳಬೇಕಾದ ಮಾತುಗಳಿವೆ: ಆರಂಭದಲ್ಲೇ ನುಗ್ಗಬೇಡ, ಗೆರೆಯಲ್ಲಿ ಹೇಗೆ ತಿರುಗಬೇಕು, ಎದೆ ಹಿಡಿದಂತಾದರೆ ಕೂಡಲೇ ನಿಲ್ಲು. ಮಗುವೂ ಹೇಳಬೇಕಾದುದಿದೆ: ನಿನ್ನೆ ಜ್ವರವಿತ್ತು, ಓಡಿದರೆ ದಮ್ಮು ಕಟ್ಟುತ್ತದೆ. ಉಬ್ಬಸವಿರುವ ಮಗುವಿಗೆ ಇದನ್ನು ಹೇಳಲು ಪರಭಾಷೆಯ ಪದ ಹುಡುಕುವ ಅವಸ್ಥೆ ಬಂದರೆ ಅದು ಬರಿಯ ಅನನುಕೂಲವಲ್ಲ, ಅಪಾಯ. ಕನ್ನಡ ಬಲ್ಲ ಅಧ್ಯಾಪಕರು ಬೇಕೆಂಬ ನಮ್ಮ ಬೇಡಿಕೆ ಪಾಠಕ್ಕೆ ಮಾತ್ರವೆಂದು ಅಧಿಕಾರಿಗಳು ತಿಳಿಯಬಾರದು. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆನ್ನುತ್ತದೆ. ಆಟದ ಅಂಗಳ ಶಿಕ್ಷಣದಿಂದ ಹೊರಗಿನದೆಂದು ಅಲ್ಲಿ ಬರೆದಿಲ್ಲ.

ಇದರ ಹಿಂದೆ ಅನ್ನದ ಪ್ರಶ್ನೆಯೂ ಇದೆ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆ ಬಯಸುವ ಹುಡುಗ ಲಿಖಿತ ಪರೀಕ್ಷೆಯ ಬಳಿಕ ಎಂಟು ದೈಹಿಕ ಪರೀಕ್ಷೆಗಳಲ್ಲಿ ಐದನ್ನು ಗೆಲ್ಲಬೇಕು. ಅವುಗಳಲ್ಲೊಂದು 1,500 ಮೀಟರ್ ಓಟ, 5 ನಿಮಿಷ 44 ಸೆಕೆಂಡುಗಳಲ್ಲಿ. ಈ ದಮ್ಮು ಅರ್ಜಿ ಹಾಕಿದ ಮೇಲೆ ಎರಡು ತಿಂಗಳಲ್ಲಿ ಬರುವಂಥದಲ್ಲ. ಹೆಣ್ಣುಮಕ್ಕಳ ವಿಚಾರದಲ್ಲಂತೂ ಏಳನೇ ತರಗತಿ ದಾಟಿದೊಡನೆ ಓಟ ಸಾಕೆನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಐದರಿಂದ ಹದಿನೇಳು ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕೆಂದ ವಿಶ್ವ ಆರೋಗ್ಯ ಸಂಸ್ಥೆ ಹುಡುಗ, ಹುಡುಗಿ ಎಂದು ಭೇದ ಮಾಡಿಲ್ಲ.

ಒಂದು ಎಚ್ಚರಿಕೆಯ ಮಾತು. ಈ ಅಳತೆಯನ್ನು ಇನ್ನೊಂದು ರ‍್ಯಾಂಕ್ ಪಟ್ಟಿ ಮಾಡಿ ನೋಟೀಸು ಬೋರ್ಡಿಗೆ ಅಂಟಿಸಿದರೆ ಉದ್ದೇಶವೇ ಕೆಟ್ಟೀತು. ಮೊದಲು ನಿಂತ ಮಗುವನ್ನು ನೋಡಿ ಉಳಿದವರು ನಕ್ಕರೆ ಅದು ಮತ್ತೆಂದೂ ಓಡಲಾರದು. ಇದೇ ಜಾತಿಯ ಯೋ-ಯೋ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಕೇರಳದ ಸಂಜು ಸ್ಯಾಮ್ಸನ್ 2018ರಲ್ಲಿ ಭಾರತ ‘ಎ’ ತಂಡದ ಇಂಗ್ಲೆಂಡ್ ಪ್ರವಾಸವನ್ನೇ ಕಳೆದುಕೊಂಡರು. 2024ರಲ್ಲಿ ಟಿ-20 ವಿಶ್ವಕಪ್ ಗೆದ್ದ ತಂಡದಲ್ಲಿ ಅವರೂ ಇದ್ದರು. ಒಂದು ದಿನದ ಅಂಕ ಕೊನೆಯ ಮಾತಲ್ಲ.

ಇದಕ್ಕೆ ಸರಕಾರದ ಆದೇಶ ಕಾಯಬೇಕಿಲ್ಲ. ರಕ್ಷಕ-ಶಿಕ್ಷಕ ಸಂಘಗಳು ಮನಸ್ಸು ಮಾಡಿದರೆ ಒಂದು ಟೇಪು, ಒಂದಿಷ್ಟು ಸೀಮೆಸುಣ್ಣ, ಯಾರದಾದರೂ ಮೊಬೈಲು ಸಾಕು. ವರ್ಷಕ್ಕೆ ಎರಡು ಬಾರಿ ಅಳೆದು ಮಗುವಿನ ಪುಸ್ತಕದಲ್ಲೇ ಬರೆದಿಡಲಿ, ಸೂಚನೆ ಕನ್ನಡದಲ್ಲಿರಲಿ. ಆದರೆ ಅಳತೆ ಮಾತ್ರದಿಂದ ದಮ್ಮು ಹೆಚ್ಚುವುದಿಲ್ಲ. ನಡುವಿನ ತಿಂಗಳುಗಳಲ್ಲಿ ಆಟದ ಪಿರಿಯಡ್ ಆಟಕ್ಕೇ ಉಳಿಯಬೇಕು. ಅದನ್ನು ಉಳಿಸಿಕೊಡಿರೆಂದು ಮುಖ್ಯೋಪಾಧ್ಯಾಯರನ್ನು ಕೇಳುವ ಹೊಣೆ ಹೆತ್ತವರಾದ ನಮ್ಮದೇ.