ಬ್ಯಾಲೆನ್ಸರಿಗೆ ಸುತ್ತಿಗೆ ಬೇಡ

ಸೋಯಾ, ಉದ್ದಿನ ರಾಶಿ ಮುಗಿಯುವ ಮುನ್ನ ಬೀದರ, ಭಾಲ್ಕಿ, ಔರಾದ ಭಾಗದ ರೈತ ಬಾಂಧವರು ಜೀಪಿನ ಎಂಜಿನ್ ಬಿಚ್ಚಿಸಿ ಹೊಸದಾಗಿ ಕಟ್ಟಿಸುವುದುಂಟು. ಹಲವು ಎಂಜಿನ್ನುಗಳಲ್ಲಿ ಕ್ರ್ಯಾಂಕಿನ ಮುಂತುದಿಗೆ ಇರುವ ಹಾರ್ಮೋನಿಕ್ ಬ್ಯಾಲೆನ್ಸರ್ ಬರೀ ಬೆಲ್ಟಿನ ಗಾಲಿಯಲ್ಲ. ಅದರೊಳಗಿನ ರಬ್ಬರು, ಕ್ರ್ಯಾಂಕ್ ತಿರುಚಿಕೊಳ್ಳುವಾಗಿನ ನಡುಕವನ್ನು ತಗ್ಗಿಸುತ್ತದೆ. ಸುತ್ತಿಗೆಯಿಂದ ಬಡಿದು ಕೂರಿಸಿದರೆ ರಬ್ಬರು ಬಿಡಬಹುದು, ಥ್ರಸ್ಟ್ ಬೇರಿಂಗಿಗೂ ಪೆಟ್ಟಾಗಬಹುದು. ರಬ್ಬರು ಬಿರಿದಿದ್ದರೆ ಹಳೆಯದನ್ನೇ ಮರಳಿ ಹಾಕಿಸುವುದು ಸಲ್ಲದು. ಹೊರಬಳೆ ಜಾರಿದರೆ ಟೈಮಿಂಗ್ ಗುರುತೇ ಸುಳ್ಳಾಗುತ್ತದೆ.

ಕೀಯನ್ನು ಅದರ ಕಚ್ಚಿಗೆ ಸರಿಹೊಂದಿಸಿ, ಆಯಿಲ್ ಸೀಲಿನ ಅಂಚಿಗೆ ಎಣ್ಣೆ ಸವರಿ, ತಿರುಪಿನ ಸಾಧನದಿಂದಲೇ ನಿಧಾನವಾಗಿ ಒಳಗೆ ಒತ್ತಿಸಬೇಕು. ಬೋಲ್ಟನ್ನು ತಯಾರಕರು ಹೇಳಿದಷ್ಟೇ ಬಿಗಿ ಮಾಡಿಸಬೇಕು. ಗ್ಯಾರೇಜಿನಲ್ಲಿ ಎದುರು ನಿಂತು ಇದನ್ನು ಕೇಳಲು ಸಂಕೋಚ ಬೇಡ. ಅರ್ಧ ಗಂಟೆಯ ಆತುರಕ್ಕೆ ಕ್ರ್ಯಾಂಕೇ ಮುರಿದರೆ, ಮಾಲು ಅಡತಿಗೆ ಹೋಗುವುದು ಹೇಗೆ?