ನಾಯಿ ಮೈಗೆ ಬೆಳೆಯ ಔಷಧ ಬೇಡ, ಶಾಂಪೂ ಕೊಳ್ಳುವ ಮುಂಚೆ ಚರ್ಮ ನೋಡಿ

ಮಳೆಗಾಲ ಶುರುವಾದರೆ ಸಾಕು, ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎರಡು ಥರದ ಫೋಟೋ ಬರ್ತಾವೆ. ಒಂದು, ಭತ್ತದ ಎಲೆ ಹಳದಿಯಾಗಿದೆ, ಏನು ಹೊಡೀಲಿ ಅಂತ. ಇನ್ನೊಂದು, ನಾಯಿಯ ಬೆನ್ನ ಮೇಲೆ ಕೂದಲು ಉದುರಿ ಕೆಂಪಾಗಿದೆ, ಏನು ಹಚ್ಚಲಿ ಅಂತ. ಮೊದಲನೇ ಫೋಟೋ ನೋಡಿದರೆ ನಮ್ಮ ಹುಡುಗರು ಈಗ ಜಾಣರಾಗಿದ್ದಾರೆ. ಬೇರು ಕಿತ್ತು ತೋರಿಸು, ನೀರು ಎಷ್ಟು ದಿನ ನಿಂತಿತ್ತು, ಗೊಬ್ಬರ ಯಾವಾಗ ಹಾಕಿದಿ ಅಂತ ಕೇಳ್ತಾರೆ. ಎರಡನೇ ಫೋಟೋಗೆ ಮಾತ್ರ ಯಾರೂ ಪ್ರಶ್ನೆ ಕೇಳೋದಿಲ್ಲ. ನೇರವಾಗಿ ಬಾಟಲಿ ಫೋಟೋ ಹಾಕ್ತಾರೆ. ಅದರಲ್ಲಿ ಎಷ್ಟೋ ಬಾಟಲಿ ಬೆಳೆಗೆ ಹೊಡೆಯುವ ಔಷಧದ್ದೇ.

ನನ್ನ ಮಾತು ಮೊದಲೇ ಹೇಳಿಬಿಡ್ತೀನಿ. ಹೊಲ ಕಾಯುವ ನಾಯಿಗೆ ಶಾಂಪೂ ಬೇಕೇ ಬೇಡವೇ, ಬೇಕಾದರೆ ಯಾವುದು ಅನ್ನೋದನ್ನ ಅದರ ಚರ್ಮ ನೋಡಿ ತೀರ್ಮಾನಿಸಬೇಕು. ಜಾಹೀರಾತು ನೋಡಿ ಅಲ್ಲ, ಮನೆಯ ಮೂಲೆಯಲ್ಲಿ ಉಳಿದ ಔಷಧದ ಡಬ್ಬಿ ನೋಡಿ ಅಂತೂ ಅಲ್ಲವೇ ಅಲ್ಲ. ಸಾವಯವ ಅಂತ ಬರೆದಿದ್ದರೂ ಅಷ್ಟೇ.

ನಾನೇ ಮಾಡಿದ ತಪ್ಪು

ನಾನು ತೋಟಗಾರಿಕೆ ಓದಿದವ. ಮುಗದದಲ್ಲಿ ಸಾವಯವ ಕೃಷಿ ಮಾಡ್ತೀನಿ. ನಮ್ಮಲ್ಲಿ ಹಂದಿ, ಮಂಗ್ಯಾನ ಕಾಟ ಇರೋದರಿಂದ ನಾಯಿ ಇಲ್ಲದೆ ಹೊಲ ಉಳಿಯೋದಿಲ್ಲ. ನಮ್ಮ ಕರಿಯ ಜವಾರಿ ನಾಯಿ. ಮೂರು ವರ್ಷದ ಹಿಂದೆ ಅದರ ಕಿವಿ, ಕುತ್ತಿಗೆ ತುಂಬ ಉಣ್ಣಿ ಆದವು. ರಾಸಾಯನಿಕ ಮುಟ್ಟಬಾರದು ಅನ್ನೋ ಹಟ ನನ್ನದು. ಬೆಳೆಗೆ ಸಿಂಪಡಿಸಲು ತಂದಿದ್ದ ಬೇವಿನ ಔಷಧ ಕಪಾಟಿನಲ್ಲಿತ್ತು. ಬೇವು ಅಂದರೆ ಬೇವು, ಹಚ್ಚಿದರೆ ಏನಾಗ್ತದ ಅಂತ ಕಡಿಮೆ ನೀರು ಬೆರೆಸಿ ಮೈಗೆಲ್ಲ ಹಚ್ಚಿದೆ.

ಮರುದಿನ ಹೊಟ್ಟೆಯ ಕೆಳಗಿನ ಚರ್ಮ ಕೆಂಪಾಗಿ ಸುಲಿದಿತ್ತು. ಅದು ನೆಕ್ಕಿಕೊಂಡು ವಾಂತಿ ಮಾಡ್ತಾ ಕೂತಿತ್ತು. ಪಶು ವೈದ್ಯರು ಬೈಯಲಿಲ್ಲ, ಒಂದೇ ಪ್ರಶ್ನೆ ಕೇಳಿದರು: "ಡಬ್ಬಿ ಮ್ಯಾಲೆ ನಾಯಿ ಅಂತ ಎಲ್ಲರ ಬರದಿತ್ತೇನ್ರೀ?" ಇರಲಿಲ್ಲ. ಬೆಳೆಗೆ ಬರುವ ಬೇವಿನ ಔಷಧದಲ್ಲಿ ಬೇವಿನ ಸತ್ವದ ಜೊತೆ ಅದನ್ನು ಕರಗಿಸುವ ದ್ರಾವಕ, ನೀರಿನಲ್ಲಿ ಬೆರೆಯುವಂತೆ ಮಾಡುವ ಪದಾರ್ಥ ಎಲ್ಲ ಇರ್ತಾವೆ. ಅವನ್ನು ಎಲೆಗೆ ಅಂತ ತಯಾರಿಸಿರ್ತಾರೆ, ಚರ್ಮಕ್ಕಲ್ಲ. ಓದಿದ ನನಗೆ ಇದು ಗೊತ್ತಿತ್ತು. ಆದರೆ 'ಬೇವು' ಅನ್ನೋ ಹೆಸರು ಕಂಡ ಕೂಡಲೇ ಓದಿದ್ದೆಲ್ಲ ಮರೆತೆ.

"ಔಷಧ ಅದss ಐತಲ್ಲೋ ತಮ್ಮಾ"

ಪಕ್ಕದ ಹೊಲದ ಕಾಕಾ ಒಬ್ಬರು ಒಮ್ಮೆ ನನ್ನ ಜೊತೆ ವಾದಕ್ಕಿಳಿದರು. "ನಾಯಿಗೆ ಹಾಕೋ ಔಷಧದಾಗೂ ಫಿಪ್ರೊನಿಲ್, ಭತ್ತಕ್ಕ ಹೊಡಿಯೂದ್ರಾಗೂ ಫಿಪ್ರೊನಿಲ್. ಔಷಧ ಅದss ಐತಲ್ಲೋ ತಮ್ಮಾ. ಸುಮ್ನ ಯಾಕ ರೊಕ್ಕ ಕಳೀತಿ?"

ಕಾಕಾ ಹೇಳಿದ್ದು ಅರ್ಧ ಖರೆ. ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಇವು ಬೆಳೆಯ ಔಷಧದಲ್ಲೂ ಇವೆ, ಪ್ರಾಣಿಗಳ ಔಷಧದಲ್ಲೂ ಇವೆ. ಇನ್ನೂ ಸೋಜಿಗ ಅಂದರೆ, ಬೆಳೆಗೆ ಸಿಗುವ ಫಿಪ್ರೊನಿಲ್ ಸಾಮಾನ್ಯವಾಗಿ ಶೇ. 5ರದ್ದು, ನಾಯಿಯ ಕುತ್ತಿಗೆ ಮೇಲೆ ಬಿಡುವುದು ಶೇ. 9.7ರದ್ದು. ಅಂದರೆ ನಾಯಿಯದೇ ಗಟ್ಟಿ. ಹಾಗಾದರೆ ಬೆಳೆಯದ್ದು ಹಾಕಿದರೆ ತಪ್ಪೇನು?

ತಪ್ಪು ಮೂರು ಕಡೆ ಇದೆ. ಒಂದು, ಪ್ರಮಾಣ. ನಾಯಿಯದ್ದನ್ನು ಅದರ ತೂಕ ನೋಡಿ ಒಂದೆರಡು ಮಿಲಿಯ ಲೆಕ್ಕದಲ್ಲಿ, ನಾಲಿಗೆ ಮುಟ್ಟದ ಜಾಗದಲ್ಲಿ ಬಿಡ್ತಾರೆ. ನಾವು ಬಕೆಟ್‌ನಲ್ಲಿ ಕಲಸಿ ಇಡೀ ಮೈಗೆ ಸುರೀತೀವಿ. ಎರಡು, ಔಷಧದ ಜೊತೆ ಬೆರೆಸಿದ ಪದಾರ್ಥಗಳು. ನನ್ನ ಬೇವಿನ ಕಥೆಯಲ್ಲಿ ಆದದ್ದು ಅದೇ. ಮೂರು, ನಾಯಿ ಮೈ ನೆಕ್ಕುತ್ತದೆ. ಭತ್ತದ ಗಿಡ ತನ್ನನ್ನು ತಾನು ನೆಕ್ಕೋದಿಲ್ಲ. ಮೈಗೆ ಹಾಕಿದ್ದೆಲ್ಲ ಸಂಜೆಯೊಳಗೆ ಹೊಟ್ಟೆಗೂ ಹೋಗ್ತದೆ. ಇನ್ನು ಕ್ಲೋರ್‌ಪೈರಿಫಾಸ್‌ನಂಥ ಬೆಳೆಯ ಔಷಧ ಹಾಕಿದರೆ ಜೊಲ್ಲು ಸುರಿದು, ಮೈ ನಡುಗಿ, ನಾಯಿ ಸತ್ತೇ ಹೋಗಬಹುದು.

ಎತ್ತಿನ ಉಣ್ಣಿಗೆ ತಂದ ಔಷಧವನ್ನು ಅಂದಾಜಿನ ಮೇಲೆ ನಾಯಿಗೆ ಹಾಕುವುದೂ ಇದೇ ಸಾಲಿನ ತಪ್ಪು. ಎತ್ತಿನ ತೂಕ ಎಷ್ಟು, ನಾಯಿಯ ತೂಕ ಎಷ್ಟು, ನೀವೇ ಲೆಕ್ಕ ಹಾಕಿ.

ನಾಯಿ ಚರ್ಮ ನಮ್ಮ ಚರ್ಮ ಅಲ್ಲ

ಮಣ್ಣಿನ ರಸಸಾರ ನೋಡದೆ ನಾವು ಸುಣ್ಣ ಹಾಕೋದಿಲ್ಲ. ಚರ್ಮಕ್ಕೂ ರಸಸಾರ ಇದೆ. ನಮ್ಮ ಚರ್ಮ ಸ್ವಲ್ಪ ಹುಳಿ, ಸುಮಾರು 5.5. ನಾಯಿಯದ್ದು ಹೆಚ್ಚುಕಡಿಮೆ ತಟಸ್ಥ, 7ರ ಆಸುಪಾಸು. ನಾವು ಸ್ನಾನಕ್ಕೆ ಬಳಸುವ ಸಾಬೂನು 9ರಿಂದ 10, ಅಂದರೆ ಕ್ಷಾರ. ಬಟ್ಟೆ ಸಾಬೂನಿನ ಮಾತಂತೂ ಬೇಡವೇ ಬೇಡ. ನಾಯಿಯ ಹೊರಚರ್ಮ ನಮ್ಮದಕ್ಕಿಂತ ತೆಳ್ಳಗಿರ್ತದೆ. ಅದರ ಕೂದಲ ಬುಡದಿಂದ ಬರುವ ಎಣ್ಣೆಯೇ ಅದಕ್ಕೆ ರೇನ್‌ಕೋಟು. ವಾರ ವಾರ ಸಾಬೂನು ತಿಕ್ಕಿದರೆ ಆ ಎಣ್ಣೆ ಹೋಗಿ ಚರ್ಮ ಒಣಗ್ತದೆ, ತುರಿಕೆ ಶುರುವಾಗ್ತದೆ. ನಾಯಿ ಕೆರ್ಕೊಂಡಲ್ಲಿ ಗಾಯ, ಗಾಯದಲ್ಲಿ ಕೀವು. ಆಮೇಲೆ ನಾವು 'ನಾಯಿಗೆ ಕಜ್ಜಿ ಆತು' ಅಂತ ಇನ್ನಷ್ಟು ಸಾಬೂನು ತರ್ತೀವಿ.

ಆರೋಗ್ಯವಾಗಿರುವ ಗಿಡ್ಡ ಕೂದಲಿನ ಜವಾರಿ ನಾಯಿಗೆ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಶಾಂಪೂ ಸಾಕು. ಕೆಸರು ಹತ್ತಿದರೆ ಬರೀ ನೀರು. ನಮ್ಮ ಮುಧೋಳ ನಾಯಿಯನ್ನೇ ನೋಡಿ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಇದರ ಕೂದಲು ಗಿಡ್ಡ, ನುಣುಪು, ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳು. ಹಸಿ ಬಟ್ಟೆಯಿಂದ ಒರೆಸಿದರೆ ಧೂಳು ಹೋಗ್ತದೆ. ಚಳಿಗಾಲದ ಬೆಳಗ್ಗೆ ತಣ್ಣೀರು ಸುರಿದರೆ ನಡುಗ್ತದೆ. ಮಂದ ಕೂದಲಿನ ಜರ್ಮನ್ ಶೆಫರ್ಡ್ ಸಾಕಿದವರಿಗೆ ಶಾಂಪೂಗಿಂತ ಬಾಚಣಿಕೆ ಮುಖ್ಯ. ಒಳಗೂದಲು ಒದ್ದೆಯಾಗಿ ಉಳಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿದ ವಾಸನೆ ಬರ್ತದೆ, ಚರ್ಮವೂ ಕೆಡ್ತದೆ.

ಯಾವ ಚರ್ಮಕ್ಕೆ ಯಾವುದು

ಅಂಗಡಿಗೆ ಹೋದಾಗ ಬಾಟಲಿಯ ಮುಂದಿನ ನಾಯಿ ಚಿತ್ರ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ. ಕಾಣದಿದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ.

- ಚರ್ಮ ಚೆನ್ನಾಗಿದೆ, ಬರೀ ಹೊಲಸಾಗಿದೆ: ನಾಯಿಗೆಂದೇ ಮಾಡಿದ, ವಾಸನೆ ಕಡಿಮೆ ಇರುವ ಸಾದಾ ಶಾಂಪೂ.
- ಒಣಗಿ ಹೊಟ್ಟು ಏಳುತ್ತದೆ, ತುರಿಕೆ ಇದೆ: ಓಟ್ಸ್ ಅಥವಾ ಲೋಳೆಸರ ಇರುವ ಸೌಮ್ಯ ಶಾಂಪೂ.
- ಗುಳ್ಳೆ, ಕೀವು: ಕ್ಲೋರ್‌ಹೆಕ್ಸಿಡಿನ್ ಇರುವುದು. ವೈದ್ಯರನ್ನು ಕೇಳಿ.
- ಜಿಡ್ಡು, ಕೆಟ್ಟ ವಾಸನೆ, ಬೆರಳ ಸಂದಿ ಕೆಂಪು: ಹಲವು ಸಲ ಇದು ಶಿಲೀಂಧ್ರ. ಕೀಟೋಕೊನಜೋಲ್ ಅಥವಾ ಮೈಕೊನಜೋಲ್ ಇರುವುದು. ಇದನ್ನೂ ವೈದ್ಯರು ನೋಡಿಯೇ ಕೊಡಬೇಕು.

ಔಷಧದ ಶಾಂಪೂ ಹಚ್ಚಿದ ಕೂಡಲೇ ತೊಳೆದರೆ ರೊಕ್ಕ ನೀರಿಗೆ ಹಾಕಿದಂಗ. ಸಾಮಾನ್ಯವಾಗಿ ಹತ್ತು ನಿಮಿಷ ಮೈಮೇಲೆ ಬಿಡಬೇಕು. ಅಲ್ಲಿಯವರೆಗೆ ನೆಕ್ಕದಂತೆ ಒಬ್ಬರು ಹಿಡಿದುಕೊಂಡು ಮಾತಾಡಿಸ್ತಾ ಇರಬೇಕು.

ಸೀಗೆಕಾಯಿ, ಅಂಟುವಾಳ ನಡೀತದೇನು ಅಂತ ಬಹಳ ಮಂದಿ ಕೇಳ್ತಾರೆ. ಗಾಯವಿಲ್ಲದ ಮೈಗೆ ತೆಳುವಾಗಿ ಕಲಸಿ, ಸೋಸಿ ನಾನು ಬಳಸಿದ್ದೀನಿ. ಆದರೆ ಕಣ್ಣಿಗೆ ಬಿದ್ದರೆ ಉರಿ ಜೋರು, ಮತ್ತೆ ಇದು ಕೊಳೆ ತೆಗೆಯೋದಷ್ಟೇ, ರೋಗಕ್ಕೆ ಔಷಧ ಅಲ್ಲ. ಯೂಟ್ಯೂಬ್ ನೋಡಿ ಟೀ ಟ್ರೀ ಎಣ್ಣೆ ಹಚ್ಚಬೇಡಿ, ಅದು ನಾಯಿಗೆ ವಿಷ. ಬೆಳ್ಳುಳ್ಳಿ ತಿನ್ನಿಸಿದರೆ ಉಣ್ಣಿ ಹೋಗ್ತಾವೆ ಅನ್ನೋದನ್ನೂ ನಂಬಬೇಡಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ರಕ್ತ ಕೆಡಿಸ್ತಾವೆ. ನೈಸರ್ಗಿಕ ಅಂದ ಕೂಡಲೇ ನಿರಪಾಯ ಅಲ್ಲ. ಇದನ್ನು ಸಾವಯವ ರೈತರಾದ ನಾವೇ ಗಟ್ಟಿಯಾಗಿ ಹೇಳಬೇಕು.

ಉಣ್ಣಿ ಮೈಮೇಲಿಲ್ಲ, ಗೋಡೆಯಲ್ಲಿದೆ

ಉಣ್ಣಿಯ ಶಾಂಪೂ ಹಾಕಿದೆ, ಹದಿನೈದು ದಿನಕ್ಕೆ ಮತ್ತೆ ಬಂದವು ಅನ್ನೋದು ಎಲ್ಲರ ದೂರು. ಕಾರಣ ಸರಳ. ಉಣ್ಣಿ ರಕ್ತ ಕುಡಿದು ಕೆಳಗೆ ಬೀಳ್ತದೆ. ಹೆಣ್ಣು ಉಣ್ಣಿ ಗೋಡೆಯ ಬಿರುಕು, ದನದ ಕೊಟ್ಟಿಗೆಯ ಕಲ್ಲುಸಂದಿ, ಗೋಣಿಚೀಲದ ಮಡಿಕೆಯಲ್ಲಿ ಸಾವಿರಾರು ಮೊಟ್ಟೆ ಇಡ್ತದೆ. ಮರಿ ಮತ್ತೆ ನಾಯಿ ಹತ್ತಿ, ರಕ್ತ ಕುಡಿದು, ಬಿದ್ದು, ಪೊರೆ ಬಿಟ್ಟು, ಮತ್ತೆ ಹತ್ತುತ್ತದೆ. ನೀವು ತೊಳೆದದ್ದು ಆ ದಿನ ಮೈಮೇಲಿದ್ದ ಸ್ವಲ್ಪವನ್ನು ಮಾತ್ರ. ಉಣ್ಣಿಯ ಶಾಂಪೂ ತೊಳೆದ ಮೇಲೆ ಅದರ ಕೆಲಸವೂ ಹೆಚ್ಚು ದಿನ ಉಳಿಯೋದಿಲ್ಲ.

ಅದಕ್ಕೇ ನಾಯಿ ಮಲಗುವ ಜಾಗ ಮೊದಲು ಸ್ವಚ್ಛ ಮಾಡಿ. ಹಾಸಿದ ಗೋಣಿಚೀಲ ಸುಟ್ಟುಬಿಡಿ, ಬಿರುಕಿಗೆ ಸಿಮೆಂಟೋ ಮಣ್ಣೋ ಮೆತ್ತಿ, ಸುತ್ತಲಿನ ಕಸ ಕೊಯ್ಯಿರಿ. ನಾಯಿಗೆ ತಿಂಗಳುಗಟ್ಟಲೆ ಕೆಲಸ ಮಾಡುವ ಹನಿ ಔಷಧವನ್ನೋ ಗುಳಿಗೆಯನ್ನೋ ವೈದ್ಯರು ತೂಕ ನೋಡಿ ಬರೆದುಕೊಡ್ತಾರೆ. ಸಾವಯವ ಹಟದಲ್ಲಿ ಇದನ್ನು ಬೇಡ ಅನ್ನಬೇಡಿ. ಉಣ್ಣಿಯಿಂದ ಬರುವ ಜ್ವರಕ್ಕೆ ಒಳ್ಳೊಳ್ಳೆ ನಾಯಿ ಸತ್ತಿವೆ. ಊಟ ಬಿಟ್ಟು ಮಂಕಾದರೆ, ವಸಡು ಬಿಳಿಚಿಕೊಂಡರೆ, ಮೂಗಿನಿಂದ ರಕ್ತ ಬಂದರೆ ಶಾಂಪೂ ಮಾತು ಬಿಟ್ಟು ಅವತ್ತೇ ದವಾಖಾನೆಗೆ ಹೋಗಿ, ರಕ್ತ ಪರೀಕ್ಷೆ ಮಾಡಿಸಿ.

ಒಂದು ಎಚ್ಚರಿಕೆ. ಪರ್‌ಮೆಥ್ರಿನ್ ಇರುವ ನಾಯಿ ಔಷಧ ಬೆಕ್ಕಿನ ಜೀವ ತೆಗೀತದೆ. ಕಣಜದ ಇಲಿ ಹಿಡಿಯುವ ಬೆಕ್ಕು ನಾಯಿಯ ಪಕ್ಕದಲ್ಲೇ ಮಲಗುವ ಮನೆಗಳಲ್ಲಿ ಇದನ್ನು ಮರೀಬೇಡಿ.

ತೊಳೆದ ನೀರು ಎಲ್ಲಿಗೆ ಹೋಗ್ತದೆ?

ಈ ಪ್ರಶ್ನೆ ನಾವು ಕೇಳಿಕೊಳ್ಳೋದೇ ಇಲ್ಲ. ಭಾನುವಾರ ಬಂದರೆ ನಾಯಿ ಕರೆದುಕೊಂಡು ಕೆರೆಗೆ ಹೋಗಿ ತೊಳೆಯೋದು ರೂಢಿ. ಬರೀ ನೀರಿನಲ್ಲಿ ಈಜಾಡಿಸಿ, ಬೇಡ ಅನ್ನೋದಿಲ್ಲ. ಆದರೆ ಉಣ್ಣಿಯ ಶಾಂಪೂವನ್ನು ಕೆರೆ, ಹಳ್ಳ, ಕೃಷಿಹೊಂಡದಲ್ಲಿ ತೊಳೆಯಬೇಡಿ. ಸೈಪರ್‌ಮೆಥ್ರಿನ್, ಪರ್‌ಮೆಥ್ರಿನ್ ಜಾತಿಯ ಔಷಧ ಅತಿ ಸ್ವಲ್ಪ ಇದ್ದರೂ ಮೀನು, ನೀರಿನ ಹುಳುಗಳಿಗೆ ವಿಷ. ಅಂಟುವಾಳದ ನೊರೆಯೂ ಮೀನಿಗೆ ಒಳ್ಳೆಯದಲ್ಲ. ಕೃಷಿಹೊಂಡದಲ್ಲಿ ಮೀನು ಬಿಟ್ಟವರು ನಮ್ಮಲ್ಲೇ ಇದ್ದೀರಿ. ನಮ್ಮ ಮುಗದದ ಕೆರೆ ಊರಿನ ಜೀವ. ನಾಯಿಯ ಉಣ್ಣಿ ತೊಳೆದು ಕೆರೆಗೆ ವಿಷ ಬೆರೆಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಎರೆಹುಳು ತೊಟ್ಟಿ, ಜೀವಾಮೃತದ ಡ್ರಮ್ಮು, ಬಾವಿ ಇವುಗಳಿಂದ ದೂರ, ನೀರು ಹರಿದು ಹೋಗದ ಒಣ ಜಾಗದಲ್ಲಿ ಬಕೆಟ್ ಇಟ್ಟುಕೊಂಡು ತೊಳೆಯಿರಿ.

ತೊಳೆಯುವ ರೀತಿಯೂ ದೊಡ್ಡ ವಿದ್ಯೆಯಲ್ಲ. ಬಿಸಿಲು ಏರಿದ ಮೇಲೆ, ಹನ್ನೊಂದರ ಹೊತ್ತಿಗೆ, ಉಗುರುಬೆಚ್ಚಗಿನ ನೀರು. ಶಾಂಪೂ ನೇರವಾಗಿ ಸುರಿಯದೆ ಮಗ್ಗಿನಲ್ಲಿ ಕಲಸಿ ಹಾಕಿ. ಕಣ್ಣು, ಕಿವಿಯೊಳಗೆ ಹೋಗಬಾರದು. ಕೈಗೆ ಜಾರಿಕೆ ಹತ್ತದವರೆಗೆ ತೊಳೆಯಿರಿ, ಉಳಿದ ಶಾಂಪೂನೇ ಮುಂದೆ ತುರಿಕೆಯಾಗ್ತದೆ. ಬಗಲು, ಬೆರಳ ಸಂದಿ ಒರೆಸಿ ಒಣಗಿಸಿ.

ಕೂದಲು ಮಿಂಚುವುದು ಬಾಟಲಿಯಿಂದ ಅಲ್ಲ, ತಾಟಿನಿಂದ. ಬರೀ ರೊಟ್ಟಿ ಮಜ್ಜಿಗೆ ಹಾಕಿ ಶಾಂಪೂ ತಂದರೆ, ಗೊಬ್ಬರ ಹಾಕದೆ ಎಲೆ ತೊಳೆದಂಗ. ದಿನಕ್ಕೊಂದು ಬೇಯಿಸಿದ ತತ್ತಿಯಾದರೂ ಸೇರಿಸಿ ನೋಡಿ.

ಕೂದಲು ದುಂಡಗೆ ಉದುರಿದ್ದರೆ, ಮನೆಯ ಮಕ್ಕಳಿಗೂ ತುರಿಕೆ ಶುರುವಾಗಿದ್ದರೆ ತಡ ಮಾಡಬೇಡಿ. ಹುಳುಕಡ್ಡಿ, ಕೆಲವು ಕಜ್ಜಿ ನಾಯಿಯಿಂದ ನಮಗೂ ಹತ್ತುತ್ತಾವೆ. ಹೋದಾಗ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಿಕೊಂಡು ಬನ್ನಿ, ವರ್ಷಕ್ಕೊಮ್ಮೆ ಅದು ಬೇಕೇ ಬೇಕು.

ಕರಿಯನ ಹೊಟ್ಟೆಯ ಮೇಲೆ ಅಂಗೈಯಗಲ ಜಾಗದಲ್ಲಿ ಇವತ್ತಿಗೂ ಕೂದಲು ಸರಿಯಾಗಿ ಬಂದಿಲ್ಲ. ರಾತ್ರಿ ಹಂದಿ ಬಂದರೆ ಮಾತ್ರ ಮೊದಲು ಏಳುವುದು ಅದೇ. ಮುಂದಿನ ಸಲ ಗುಂಪಿಗೆ ಬಾಟಲಿ ಫೋಟೋ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿ: ಈ ಡಬ್ಬಿ ಮೇಲೆ ನಾಯಿ ಅಂತ ಬರೆದಿದೆಯೇ? ಇಲ್ಲ ಅಂದರೆ ಅದನ್ನು ಹೊಲಕ್ಕೇ ಬಿಡಿ.