ಆಟಗಾರನಿಗೆ ಊರಿನ ನ್ಯಾಯ ಯಾಕೆ?



ಕಳೆದ ತಿಂಗಳು ಮನೆ ಭೇಟಿಗೆಂದು ಹೋಗಿದ್ದಾಗ ಒಂದು ಮನೆಯಲ್ಲಿ ಚಹಾದ ಜೊತೆಗೆ ಒಂದು ಜಗಳವೂ ನಮಗೆ ಸಿಕ್ಕಿತು. ಅಂಗಳದಲ್ಲಿ ಅಡಿಕೆ ಹರಡಿತ್ತು. ಹತ್ತನೆಯ ತರಗತಿಯ ಮಗ ಜಗಲಿಯ ಕಂಬಕ್ಕೊರಗಿ ಮುಖ ಊದಿಸಿಕೊಂಡು ನಿಂತಿದ್ದ. ಅವನು ಶಾಲೆಯ ಕಬಡ್ಡಿ ತಂಡದಲ್ಲಿ ಆಡುವ ಹುಡುಗ. ತಂಡದ ಅಂಗಿಗೆ ಹಣ ಕೊಡಲಾಗದ ಒಬ್ಬ ಗೆಳೆಯನನ್ನು ಕೈಬಿಟ್ಟದ್ದಕ್ಕೆ, "ಅವನಿಲ್ಲದಿದ್ದರೆ ನಾನೂ ಆಡುವುದಿಲ್ಲ" ಎಂದು ಎಲ್ಲರೆದುರು ಹೇಳಿದ್ದನಂತೆ. ಮರುದಿನ ಇವನ ಹೆಸರೂ ಪಟ್ಟಿಯಿಂದ ಹೋಯಿತು.

"ಫಾದರ್, ನೀವೇ ಹೇಳಿ. ಆಟ ಆಡುವವನು ಆಡಿಕೊಂಡು ಬಂದರೆ ಸಾಲದೇ? ಇವನಿಗೆ ಊರಿನ ನ್ಯಾಯ ಯಾಕೆ?" ಎಂದರು ತಂದೆ. "2023ರಲ್ಲಿ ದಿಲ್ಲಿಯಲ್ಲಿ ಆ ಕುಸ್ತಿಯ ಹುಡುಗಿಯರದ್ದು ಏನಾಯಿತು? ಒಲಿಂಪಿಕ್ ಪದಕ ಗೆದ್ದವರನ್ನೇ ಪೊಲೀಸರು ಎಳೆದುಕೊಂಡು ಹೋದರು. ಇನ್ನು ನಮ್ಮ ಮಗ ಯಾವ ಲೆಕ್ಕ?"

ತಂದೆಯ ಮಾತಿನಲ್ಲಿ ಸಿಟ್ಟಿಗಿಂತ ಹೆಚ್ಚು ಭಯವಿತ್ತು. ನಾವು ಎರಡೂ ಕಡೆಯವರಿಗೆ ನೋವಾಗದಂತೆ ಏನೋ ಒಂದು ಹೇಳಿ, ಚಹಾ ಮುಗಿಸಿ ಎದ್ದು ಬಂದೆವು. ಆದರೆ ಪ್ರಶ್ನೆ ನಮ್ಮ ಹಿಂದೆಯೇ ಬಂತು. ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ, ಸೆಮಿನರಿಯ ಚರಿತ್ರೆಯ ತರಗತಿಯಲ್ಲಿ ಮೊದಲು ಕೇಳಿ, ಮುಂದೆ ಬಿಡಿಬಿಡಿಯಾಗಿ ಓದಿಕೊಂಡ ಒಂದು ಹಾಕಿ ತಂಡದ ಕಥೆ ನೆನಪಾಯಿತು. ಈ ಸಲ ಅದನ್ನೇ ನಿಮ್ಮೊಡನೆ ಹಂಚಿಕೊಳ್ಳುತ್ತೇವೆ.

ಇದು ನಮ್ಮ ಧ್ಯಾನ್‌ಚಂದರ ಹಾಕಿಯಲ್ಲ, ಐಸ್ ಹಾಕಿ. ನಮ್ಮ ಕಡೆ ಐಸ್ ಎಂದರೆ ಮೀನಿನ ಪೆಟ್ಟಿಗೆಯಲ್ಲಿ ಕಂಡದ್ದೇ ಹೆಚ್ಚು. ಚಳಿಯ ದೇಶಗಳಲ್ಲಿ ಅದನ್ನೇ ಮೈದಾನ ಮಾಡಿಕೊಂಡು, ಕಾಲಿಗೆ ಉಕ್ಕಿನ ಅಲಗಿನ ಬೂಟು ಕಟ್ಟಿ, ಒಂದೊಂದು ತಂಡದಿಂದ ಆರಾರು ಮಂದಿ ಕಣಕ್ಕಿಳಿದು, ಚೆಂಡಿನ ಬದಲು ರಬ್ಬರಿನ ಚಪ್ಪಟೆ ಬಿಲ್ಲೆಯೊಂದನ್ನು ಕೋಲಿನಿಂದ ಹೊಡೆದು ಗೋಲು ಹಾಕುತ್ತಾರೆ. ಯುರೋಪಿನ ನಡುವೆ ಇದ್ದ ಚೆಕೊಸ್ಲೊವಾಕಿಯಾ ಎಂಬ ದೇಶಕ್ಕೆ ಈ ಆಟವೆಂದರೆ ಪ್ರಾಣ. ಆ ದೇಶ 1993ರಲ್ಲಿ ಚೆಕ್ ಮತ್ತು ಸ್ಲೊವಾಕಿಯಾ ಎಂದು ಎರಡಾಯಿತು.

1947ರಲ್ಲಿ ಆ ದೇಶದ ತಂಡ ವಿಶ್ವ ಚಾಂಪಿಯನ್ ಆಯಿತು. ಮರುವರ್ಷ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ. ಅದೇ 1948ರ ನವೆಂಬರಿನಲ್ಲಿ ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೊರಟ ಒಂದು ಚಿಕ್ಕ ವಿಮಾನ ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಕಾಣೆಯಾಯಿತು. ಅದರಲ್ಲಿದ್ದ ಆರು ಮಂದಿ ಆಟಗಾರರು ಹಿಂದಿರುಗಲಿಲ್ಲ. ತಂಡದ ಕಥೆ ಮುಗಿಯಿತು ಎಂದೇ ಜನ ತಿಳಿದರು. ಆದರೆ ಉಳಿದವರು ಹೊಸ ಹುಡುಗರನ್ನು ಸೇರಿಸಿಕೊಂಡು ಅಭ್ಯಾಸಕ್ಕಿಳಿದರು. ಮೂರೇ ತಿಂಗಳಲ್ಲಿ, 1949ರ ಫೆಬ್ರವರಿಯಲ್ಲಿ, ಸ್ಟಾಕ್‌ಹೋಮಿನಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದರು! ಸತ್ತ ಗೆಳೆಯರಿಗಾಗಿ ಆಡಿದವರ ಕೈಗೆ ಎಷ್ಟು ಬಲ ಬಂದಿರಬೇಕು, ನೀವೇ ಯೋಚಿಸಿ.

ಅಷ್ಟು ಹೊತ್ತಿಗೆ ದೇಶದಲ್ಲಿ ಬೇರೆ ಗಾಳಿ ಬೀಸುತ್ತಿತ್ತು. 1948ರ ಫೆಬ್ರವರಿಯಲ್ಲಿ ಕಮ್ಯೂನಿಸ್ಟ್ ಪಕ್ಷ ಅಧಿಕಾರವನ್ನು ಪೂರ್ತಿ ಕೈಗೆ ತೆಗೆದುಕೊಂಡಿತ್ತು. ಹೊರದೇಶಕ್ಕೆ ಹೋದ ಆಟಗಾರರು ಅಲ್ಲೇ ಉಳಿದುಬಿಡುತ್ತಾರೋ ಎಂಬ ಸಂಶಯ ಸರಕಾರಕ್ಕೆ. ಹಾಕಿ ಮತ್ತು ಟೆನಿಸ್ ಎರಡರಲ್ಲೂ ಹೆಸರು ಮಾಡಿದ್ದ ಯಾರೊಸ್ಲಾವ್ ಡ್ರೊಬ್ನಿ 1949ರಲ್ಲಿ ಹಾಗೆ ಹೊರಗೇ ಉಳಿದರು. 1954ರಲ್ಲಿ ವಿಂಬಲ್ಡನ್ ಗೆದ್ದ ಡ್ರೊಬ್ನಿ ಇವರೇ.

1950ರ ಮಾರ್ಚ್ 11. ಲಂಡನ್ನಿನ ವಿಶ್ವ ಚಾಂಪಿಯನ್‌ಶಿಪ್‌ಗೆ ಹೊರಟು ತಂಡ ಪ್ರಾಗ್ ವಿಮಾನ ನಿಲ್ದಾಣದಲ್ಲಿ ಕಾದು ಕುಳಿತಿತ್ತು. ವಿಮಾನ ಹತ್ತಿಸಲಿಲ್ಲ. ನಮ್ಮ ರೇಡಿಯೋ ವರದಿಗಾರರಿಗೆ ಬ್ರಿಟನ್ ವೀಸಾ ಕೊಡದ ಕಾರಣ ತಂಡ ಹೋಗುತ್ತಿಲ್ಲ ಎಂದು ಸರಕಾರ ಸಾರಿತು. ಎರಡು ದಿನ ಕಳೆದು ಆಟಗಾರರು ಪ್ರಾಗಿನ ಒಂದು ಪಾನಗೃಹದಲ್ಲಿ ಸೇರಿದರು. ಹೊಟ್ಟೆಯಲ್ಲಿ ಬಿಯರ್, ಎದೆಯಲ್ಲಿ ಸಂಕಟ. ಹಾಡಿದರು, ಕೂಗಿದರು, ಸರಕಾರವನ್ನು ಬೈದರು. ಗುಪ್ತ ಪೊಲೀಸರು ಬಂದು ಬಂಧಿಸಿದರು.

ಅದೇ ವರ್ಷ ಅಕ್ಟೋಬರಿನಲ್ಲಿ ಮುಚ್ಚಿದ ಬಾಗಿಲಿನ ಹಿಂದೆ ವಿಚಾರಣೆ ನಡೆಯಿತು. ಆರೋಪ: ದೇಶದ್ರೋಹ, ಬೇಹುಗಾರಿಕೆ. ಗೋಲಿ ಬೊಹುಮಿಲ್ ಮೊದ್ರಿ ಆ ಸಂಜೆ ಪಾನಗೃಹದಲ್ಲಿ ಇರಲೇ ಇಲ್ಲ. ಆದರೂ ಅವರಿಗೇ ಎಲ್ಲರಿಗಿಂತ ದೊಡ್ಡ ಶಿಕ್ಷೆ, 15 ವರ್ಷ. 21 ವರ್ಷದ ತರುಣ ಗುಸ್ತಾವ್ ಬುಬ್ನಿಕ್‌ಗೆ 14 ವರ್ಷ, ಸ್ಟಾನಿಸ್ಲಾವ್ ಕೊನೊಪಾಸೆಕ್‌ಗೆ 12 ವರ್ಷ. ವಿಶ್ವ ಚಾಂಪಿಯನ್ನರು ಯಾಖಿಮೊವ್‌ನ ಯುರೇನಿಯಂ ಗಣಿಗಳಲ್ಲಿ ಕೈದಿಗಳಾಗಿ ದುಡಿದರು. 1955ರಲ್ಲಿ ಕ್ಷಮಾದಾನವಾಗಿ ಹೊರಬಂದಾಗ ಮೊದ್ರಿಯವರ ಆರೋಗ್ಯ ಕೆಟ್ಟಿತ್ತು. 1963ರಲ್ಲಿ, 46ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. 1968ರಲ್ಲಿ ನ್ಯಾಯಾಲಯ ಈ ಆಟಗಾರರ ಮೇಲಿನ ಕಳಂಕವನ್ನು ತೊಡೆದುಹಾಕಿತು. ಅದನ್ನು ಕೇಳಲು ಮೊದ್ರಿ ಉಳಿದಿರಲಿಲ್ಲ.

ಇನ್ನು ತಂಡ? ಸರಕಾರ ಹೊಸ ಆಟಗಾರರನ್ನು ಸೇರಿಸಿ ಮತ್ತೆ ಕಟ್ಟಿತು. ಕೋಲುಗಳಿದ್ದವು, ಐಸ್ ಇತ್ತು, ಒಳ್ಳೆಯ ಆಟಗಾರರೂ ಬಂದರು. ಆದರೆ ಮುಂದಿನ ವಿಶ್ವ ಚಾಂಪಿಯನ್ ಪಟ್ಟಕ್ಕೆ 1972ರವರೆಗೆ ಕಾಯಬೇಕಾಯಿತು. ಸಾವು ಒಡೆದ ತಂಡ ಮೂರು ತಿಂಗಳಲ್ಲಿ ಎದ್ದಿತ್ತು. ಅಧಿಕಾರದ ಭಯ ಒಡೆದ ತಂಡ ಮತ್ತೆ ಆ ಎತ್ತರಕ್ಕೆ ಬರಲು 22 ವರ್ಷ ಹಿಡಿಯಿತು. ಆ ನಡುವೆ ಸೋವಿಯತ್ ತಂಡ ಬಹಳ ಬಲಿಷ್ಠವಾಗಿ ಬೆಳೆದಿತ್ತು ಎನ್ನುವುದು ನಿಜ. ಆದರೂ ಸತ್ತವರ ನೆನಪು ಉಳಿದವರನ್ನು ಒಂದುಗೂಡಿಸಿತ್ತು, ಪಕ್ಕದವನು ಯಾರಿಗೆ ಹೇಳಿಬಿಡುತ್ತಾನೋ ಎಂಬ ಭಯ ಒಬ್ಬೊಬ್ಬರನ್ನೂ ಬೇರೆ ಮಾಡುತ್ತದೆ. ಇದು ತಂಡಕ್ಕೂ ನಿಜ, ಮನೆಗೂ ನಿಜ.

ಇದರ ನಡುವೆ 1969ರ ಮಾರ್ಚ್ ಬರುತ್ತದೆ. ಅದಕ್ಕೆ ಏಳು ತಿಂಗಳು ಮೊದಲು, 1968ರ ಆಗಸ್ಟಿನಲ್ಲಿ, ಸೋವಿಯತ್ ಒಕ್ಕೂಟ ಮತ್ತು ಅದರ ಮಿತ್ರರ ಟ್ಯಾಂಕುಗಳು ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದ್ದವು. ಜನರಿಗೆ ಸ್ವಲ್ಪ ಉಸಿರಾಡಲು ಬಿಟ್ಟ ದುಬ್ಚೆಕ್ ಎಂಬ ನಾಯಕನ ಕೈ ಕಟ್ಟಿಹಾಕಲಾಗಿತ್ತು. ಪ್ರಾಗಿನಲ್ಲಿ ನಡೆಯಬೇಕಿದ್ದ ವಿಶ್ವ ಚಾಂಪಿಯನ್‌ಶಿಪ್ ಸ್ಟಾಕ್‌ಹೋಮಿಗೆ ಹೋಯಿತು. ಅಲ್ಲಿ ಚೆಕೊಸ್ಲೊವಾಕಿಯಾದ ತಂಡ ಸೋವಿಯತ್ ತಂಡವನ್ನು ಮಾರ್ಚ್ 21ರಂದು 2-0, ಮಾರ್ಚ್ 28ರಂದು 4-3 ಗೋಲುಗಳಿಂದ ಸೋಲಿಸಿತು. ಕೆಲವು ಆಟಗಾರರು ಅಂಗಿಯ ಮೇಲಿದ್ದ ಲಾಂಛನದ ಕೆಂಪು ನಕ್ಷತ್ರಕ್ಕೆ ಟೇಪು ಅಂಟಿಸಿಕೊಂಡು ಆಡಿದರು. ಆಟ ಮುಗಿದ ಮೇಲೆ ಎದುರಾಳಿಗಳ ಕೈಕುಲುಕಲಿಲ್ಲ. ಕಲ್ಲೆಸೆಯಲಿಲ್ಲ, ಭಾಷಣ ಮಾಡಲಿಲ್ಲ. ಒಂದು ತುಂಡು ಟೇಪು, ಅಷ್ಟೇ. ಇಡೀ ದೇಶಕ್ಕೆ ಅದು ಅರ್ಥವಾಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಎರಡನೆಯ ಗೆಲುವಿನ ರಾತ್ರಿ ಲಕ್ಷಾಂತರ ಜನ ಊರೂರುಗಳಲ್ಲಿ ಬೀದಿಗಿಳಿದರು. ಪ್ರಾಗಿನಲ್ಲಿ ಸೋವಿಯತ್ ವಿಮಾನ ಸಂಸ್ಥೆಯ ಕಚೇರಿ ಪುಡಿಯಾಯಿತು. ಎಸೆದ ಕಲ್ಲುಗಳನ್ನು ಗುಪ್ತ ಪೊಲೀಸರೇ ಮೊದಲು ತಂದಿಟ್ಟಿದ್ದರು ಎಂಬ ಮಾತು ಇಂದಿಗೂ ಇದೆ. ಯಾರೇ ತಂದಿರಲಿ, ಸಮಯ ಕಾಯುತ್ತಿದ್ದವರಿಗೆ ನೆವ ಸಿಕ್ಕಿತು. ಏಪ್ರಿಲ್ 17ರಂದು ದುಬ್ಚೆಕ್ ಅಧಿಕಾರ ಕಳೆದುಕೊಂಡರು. ಹೀಗೆ ಆಟಗಾರರ ಮೌನ ಪ್ರತಿಭಟನೆಯ ಬೆನ್ನಿಗೇ ಗುಂಪಿನ ಗದ್ದಲ ಬಂತು, ಬೆಲೆ ತೆತ್ತದ್ದು ಇಡೀ ದೇಶ. ಪ್ರತಿಭಟನೆ ಯಾವಾಗಲೂ ಸಿಹಿ ಫಲವನ್ನೇ ಕೊಡುತ್ತದೆ ಎಂದು ಹೇಳಿದರೆ ನಾವು ನಿಮಗೆ ಸುಳ್ಳು ಹೇಳಿದಂತೆ.

ಈ ಮಾತಿಗೆ ಇನ್ನೊಂದು ಮುಖವೂ ಇದೆ. ಪ್ರಾಗಿನ ಹತ್ತಿರದ ಕ್ಲಾದ್ನೊ ಎಂಬ ಪಟ್ಟಣದಲ್ಲಿ 1972ರಲ್ಲಿ ಯಾರೊಮಿರ್ ಯಾಗರ್ ಎಂಬ ಹುಡುಗ ಹುಟ್ಟಿದ. ಅವನ ಅಜ್ಜ ರೈತ. ಆಳುವವರ ಕೈಗೆ ಜಮೀನು ಹೋಗಿ, ಜೈಲನ್ನೂ ಕಂಡು, 1968ರಲ್ಲಿ ತೀರಿಕೊಂಡಿದ್ದರು. 1990ರಲ್ಲಿ ಅಮೆರಿಕಾದ ವೃತ್ತಿಪರ ತಂಡಕ್ಕೆ ಸೇರಿದ ಈ ತರುಣ ತನ್ನ ಅಂಗಿಗೆ 68 ಎಂಬ ಸಂಖ್ಯೆಯನ್ನು ಆರಿಸಿಕೊಂಡ. ಅಲ್ಲಿ ಎರಡು ಸಲ ಸ್ಟಾನ್ಲಿ ಕಪ್ ಗೆದ್ದು, 1998ರಲ್ಲಿ ನಾಗಾನೊ ಒಲಿಂಪಿಕ್ಸ್‌ನಲ್ಲಿ ಚೆಕ್ ತಂಡದೊಂದಿಗೆ ಚಿನ್ನ ಗೆದ್ದು, ಜಗತ್ತಿನ ದೊಡ್ಡ ಆಟಗಾರರಲ್ಲಿ ಒಬ್ಬರಾದರು. ಆಡಿದಲ್ಲೆಲ್ಲ ಬೆನ್ನ ಮೇಲೆ ಅಜ್ಜನ ವರ್ಷ.

ಅದೇ ಯಾಗರ್ 2011ರಲ್ಲಿ ತನ್ನ ಊರಿನ ಕ್ಲಾದ್ನೊ ಕ್ಲಬ್ಬಿನ ಒಡೆತನ ವಹಿಸಿಕೊಂಡರು. 2014ರಲ್ಲಿ ಆ ತಂಡ ಮೇಲಿನ ಲೀಗಿನಿಂದ ಕೆಳಗೆ ಬಿತ್ತು. 2018ರಲ್ಲಿ ಊರಿಗೆ ಬಂದ ಯಾಗರ್, ಒಡೆಯನಾಗಿದ್ದರೂ ತಾವೇ ಅಂಗಿ ತೊಟ್ಟು ಹುಡುಗರ ಜೊತೆ ಐಸ್ ಮೇಲೆ ಇಳಿದರು. 2019ರಲ್ಲಿ ತಂಡ ಮೇಲೇರಿತು, 2020ರಲ್ಲಿ ಮತ್ತೆ ಬಿತ್ತು, 2021ರಲ್ಲಿ ಮತ್ತೆ ಎದ್ದಿತು. ಐವತ್ತು ದಾಟಿದ ಮೇಲೂ ಅವರು ಆಡುತ್ತಿದ್ದರು. ತಂಡ ಕಟ್ಟುವುದಕ್ಕೆ ಹಣ ಬೇಕು, ನಿಜ. ಆದರೆ ಬಿದ್ದ ತಂಡದ ಜೊತೆಗೆ ಕೆಳಗೆ ಇಳಿದು ನಿಲ್ಲುವವನೊಬ್ಬ ಬೇಕು ಎನ್ನುವುದು ಅದಕ್ಕಿಂತ ದೊಡ್ಡ ನಿಜ.

ಜೈಲಿನಿಂದ ಬಂದ ಬುಬ್ನಿಕ್ ಕೂಡ ಸುಮ್ಮನೆ ಕೂರಲಿಲ್ಲ. 1966ರಿಂದ ಫಿನ್ಲೆಂಡ್ ತಂಡಕ್ಕೆ ಆಟ ಕಲಿಸಿದರು. ಮರುವರ್ಷ ಅವರ ಶಿಷ್ಯರು ಚೆಕೊಸ್ಲೊವಾಕಿಯಾವನ್ನೇ ಸೋಲಿಸಿದರು! 1998ರಲ್ಲಿ ಚೆಕ್ ಸಂಸತ್ತಿಗೆ ಆಯ್ಕೆಯಾದರು. 2017ರಲ್ಲಿ ತೀರಿಕೊಳ್ಳುವವರೆಗೂ ತನ್ನ ಗೆಳೆಯರ ಕಥೆಯನ್ನು ಹೇಳುವುದನ್ನು ಬಿಡಲಿಲ್ಲ.

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ಆಟಗಾರನಿಗೆ ಊರಿನ ನ್ಯಾಯ ಯಾಕೆ? ಅವನೂ ಊರಿನವನೇ ಆದ್ದರಿಂದ. ಅಂಗಿ ತೊಟ್ಟ ಮಾತ್ರಕ್ಕೆ ಅವನ ಅಜ್ಜ, ಅವನ ಗೆಳೆಯ, ಅವನ ಮನಸ್ಸಾಕ್ಷಿ ಮೈದಾನದ ಹೊರಗೆ ಉಳಿಯುವುದಿಲ್ಲ. ಆದರೆ ಪ್ರತಿಭಟಿಸುವವರೆಲ್ಲ ಸರಿಯೆಂದೂ ನಾವು ಹೇಳುವುದಿಲ್ಲ. ಯಾರಿಗಾಗಿ ಹೇಳುತ್ತಿದ್ದಾನೆ, ಅದಕ್ಕೆ ಬೆಲೆ ಕೊಡುವವರು ಯಾರು ಎಂದು ನೋಡಬೇಕು. ತನ್ನ ಜಾಗವನ್ನೇ ಪಣಕ್ಕಿಟ್ಟು ಇನ್ನೊಬ್ಬನಿಗಾಗಿ ಮಾತಾಡುವವನ ಮಾತಿಗೆ ತೂಕವಿದೆ. ಪರರ ಕಿಟಕಿಗೆ ಕಲ್ಲೆಸೆದು ಕತ್ತಲಲ್ಲಿ ಓಡುವವನ ಕೂಗಿಗೆ ಅದಿಲ್ಲ.

ಇನ್ನೊಂದು ಪ್ರಶ್ನೆ ನೋಡುವವರಾದ ನಮಗೆ. ಮೊದ್ರಿ ಗೋಲು ತಡೆದಾಗ ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಮಂದಿ ಅವರು ಜೈಲಿನಲ್ಲಿದ್ದಾಗ ಅವರ ಮನೆಯ ಬಾಗಿಲು ತಟ್ಟಿರಬಹುದು? ಧೈರ್ಯ ಮಾಡಿದವನನ್ನು ಒಂಟಿಯಾಗಿ ಬಿಟ್ಟು, ಆಮೇಲೆ "ನೋಡು, ಅವನಿಗೆ ಏನಾಯಿತು" ಎಂದು ಮಕ್ಕಳಿಗೆ ಬುದ್ಧಿ ಹೇಳುವವರು ನಾವೇ. ಭಯ ಹೀಗೆಯೇ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತದೆ.

ಇದನ್ನು ಬರೆಯುವಾಗ ನಮಗೆ ನಮ್ಮ ಮೇಲೆಯೇ ನಾಚಿಕೆಯಾಯಿತು. ಆ ದಿನ ಆ ಹುಡುಗನ ಎದುರು ನಾವು ಚಹಾ ಕುಡಿದು ಎದ್ದು ಬಂದವರಲ್ಲವೇ? ಕಳೆದ ವಾರ ಆ ತಂದೆಗೆ ಫೋನ್ ಮಾಡಿ ಇಬ್ಬರೂ ಕೂಡಿ ಶಾಲೆಗೆ ಹೋದೆವು. ಯಾರನ್ನೂ ದೂರಲಿಲ್ಲ. ಅಂಗಿಗೆ ಎಷ್ಟು ಹಣ, ಎಷ್ಟು ಮಕ್ಕಳಿಗೆ ಕೊಡಲು ಕಷ್ಟ ಎಂದಷ್ಟೇ ಕೇಳಿದೆವು. ಮುಂದಿನ ಪಂದ್ಯಕ್ಕೆ ಆ ಗೆಳೆಯನ ಹೆಸರು ಸೇರಿಸುವುದಾಗಿ ಹೇಳಿದ್ದಾರೆ. ನಮ್ಮ ಹುಡುಗನ ಜಾಗ ಇನ್ನೂ ಅವನಿಗೆ ಸಿಕ್ಕಿಲ್ಲ, ಸಿಗುತ್ತದೋ ಇಲ್ಲವೋ ತಿಳಿಯದು.

ಬರುವಾಗ ದಾರಿಯುದ್ದಕ್ಕೂ ತಂದೆ ಮಾತಾಡಲಿಲ್ಲ. ಮನೆ ಬಂತು. ಹುಡುಗ ಅಂಗಳದಲ್ಲಿ ಅಡಿಕೆ ಒಟ್ಟುಮಾಡುತ್ತಿದ್ದ. ತಂದೆ ಅವನ ಹತ್ತಿರ ಹೋಗಿ, "ನಿನ್ನ ದೋಸ್ತಿಯನ್ನು ತಂಡಕ್ಕೆ ಸೇರಿಸುತ್ತಾರಂತೆ" ಎಂದರು. ಸ್ವಲ್ಪ ತಡೆದು, "ಅವನನ್ನು ಒಂದು ದಿನ ಮನೆಗೆ ಊಟಕ್ಕೆ ಕರೆದುಕೊಂಡು ಬಾ" ಎಂದರು.